ಕೆಟ್ಟ ಸುದ್ದಿ ಮನೆಗೆ ಬೇಗ ಬರಲಿ

ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗನಿಗೆ ಊರಿಂದ ಬರುವ ಫೋನು ಹೆಚ್ಚು ಹೊತ್ತು ನಡೆಯುವುದಿಲ್ಲ. "ಊಟ ಆಯ್ತೇನು? ಅಭ್ಯಾಸ ನಡದದೇನು? ರೊಕ್ಕ ಅದಾವೇನು?" ಎಂದು ಅಪ್ಪ ಕೇಳುತ್ತಾನೆ. ಮೂರಕ್ಕೂ "ಹೂಂ" ಅಂದರೆ ಮಾತು ಮುಗಿಯಿತು. ಹುಡುಗ ಎರಡು ದಿನದಿಂದ ಖಾನಾವಳಿಯ ಕಡೆ ಹೋಗಿರಲಿಕ್ಕಿಲ್ಲ, ಒಂದು ತಿಂಗಳಿಂದ ಕ್ಲಾಸಿನಲ್ಲಿ ಕೂತಿರಲಿಕ್ಕಿಲ್ಲ, ರೂಮಿನ ಗೆಳೆಯನ ಹತ್ತಿರ ಸಾಲವನ್ನೂ ಮಾಡಿರಬಹುದು. "ಹೂಂ" ಅನ್ನುವುದಕ್ಕೆ ಇದ್ಯಾವುದೂ ಅಡ್ಡ ಬರುವುದಿಲ್ಲ.

ಆಪ್ತಸಮಾಲೋಚಕಿಯಾಗಿ ಕಾಲೇಜು ಮಕ್ಕಳ ಎದುರು ಕೂತಾಗ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಮಾತು "ಮನ್ಯಾಗ ಗೊತ್ತಾಗಬಾರ್ದು ಮೇಡಂ" ಎಂಬುದು. ಗೊತ್ತಾಗಬಾರದ ಆ ಸಂಗತಿ ಶುರುವಿನಲ್ಲಿ ಬಹಳ ಸಲ ಸಣ್ಣದೇ. ಎರಡು ಪೇಪರು ಹೋಗಿರುತ್ತವೆ, ಫೀಸಿಗೆಂದು ಕಳಿಸಿದ ಹಣ ಬೇರೆ ಕಡೆ ಖರ್ಚಾಗಿರುತ್ತದೆ, ಆರಿಸಿಕೊಂಡ ವಿಷಯ ತಲೆಗೆ ಹತ್ತುತ್ತಿರುವುದಿಲ್ಲ. ಅದನ್ನು ಮುಚ್ಚಲು ಒಂದು ಸುಳ್ಳು, ಆ ಸುಳ್ಳನ್ನು ಕಾಯಲು ಇನ್ನೊಂದು. ಆರು ತಿಂಗಳು ಕಳೆಯುವಷ್ಟರಲ್ಲಿ ನಡೆದ ಸಂಗತಿಗಿಂತ ಅದನ್ನು ಬಚ್ಚಿಟ್ಟ ಭಾರವೇ ದೊಡ್ಡದಾಗಿರುತ್ತದೆ. ಮಕ್ಕಳ ಮನಸ್ಸು ಗಟ್ಟಿಯಾಗಲು ಏನು ಮಾಡಬೇಕು ಎಂದು ಪೋಷಕರು ಕೇಳಿದರೆ ಯೋಗ, ಧ್ಯಾನ, ಬಾದಾಮಿ ಹಾಲಿನ ಹೆಸರನ್ನು ನಾನು ಕೊನೆಗೆ ಎತ್ತುತ್ತೇನೆ. ಮೊದಲು ಹೇಳುವುದು ಒಂದೇ: ಕೆಟ್ಟ ಸುದ್ದಿ ನಿಮ್ಮ ಮನೆಗೆ ಬೇಗ ಬರುವಂತೆ ನೋಡಿಕೊಳ್ಳಿ.

ಈ ಭಾಗದಲ್ಲಿ ಈ ಮಾತಿಗೆ ಹೆಚ್ಚಿನ ತೂಕ ಇದೆ. ಕಲಬುರಗಿ ಓದಿನ ಊರಾಗಿದ್ದು ತೀರ ಹಿಂದಿನ ಮಾತೇನಲ್ಲ. 1958ರಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು ಬಂತು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಆಳಂದ ರಸ್ತೆಯ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಸಂವಿಧಾನದ 371(ಜೆ) ಕಲಂ ಜಾರಿಯಾದ ಮೇಲೆ 2013ರಿಂದ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70 ಸೀಟು ಇಲ್ಲಿಯ ಮಕ್ಕಳಿಗೇ ಮೀಸಲಾಯಿತು. ಹೀಗೆ ಬಾಗಿಲು ತೆರೆದಾಗ ಒಳಗೆ ಬಂದವರಲ್ಲಿ ಮನೆತನದಲ್ಲೇ ಮೊದಲು ಡಿಗ್ರಿಗೆ ಬಂದ ಮಕ್ಕಳು ಬಹಳ. ಅವರ ತಂದೆ ತಾಯಿ ಕಮಲಾಪುರ, ಮಹಾಗಾಂವ, ಮರಗುತ್ತಿಯ ಹೊಲಗಳಲ್ಲಿ ದುಡಿದು ಕಾಲೇಜಿನ ಮೆಟ್ಟಿಲು ಹತ್ತದೆಯೇ ಮಕ್ಕಳನ್ನು ಅಲ್ಲಿಗೆ ಕಳಿಸಿದವರು. ಇಂಟರ್ನಲ್ ಮಾರ್ಕ್ಸು, ಬ್ಯಾಕ್‌ಲಾಗು, ಕ್ರೆಡಿಟ್ಟು ಎಂಬ ಮಾತುಗಳು ಅವರಿಗೆ ಹೊಸವು. ರಾಜ್ಯದ ಡಿಗ್ರಿಯೇ 2021ರಲ್ಲಿ ನಾಲ್ಕು ವರ್ಷದ ದಾರಿ ಹಿಡಿದು 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಓದಿದ ಪೋಷಕರೂ ಗಲಿಬಿಲಿಯಾದರು. ಇಂಥಲ್ಲಿ "ಒಂದು ಸಬ್ಜೆಕ್ಟ್ ಉಳದದ" ಎಂದು ಮಗ ಹೇಳಿದರೆ ಮನೆಯವರಿಗೆ ಕೇಳಿಸುವುದು "ಫೇಲ್" ಎಂಬ ಒಂದೇ ಶಬ್ದ. ಹತ್ತನೇ ಕ್ಲಾಸಿನ ಫೇಲಿಗೂ ಇದಕ್ಕೂ ಬಹಳ ಅಂತರ ಇದೆ. ಉಳಿದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಕಟ್ಟಬಹುದು, ಓದು ಮುಂದುವರಿಯುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ವಿಷಯ ಉಳಿಯಲು ಕಾರಣ ಸೋಮಾರಿತನವೇ ಆಗಿರಬೇಕಿಲ್ಲ. ಪಿಯುಸಿವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದ ಹುಡುಗಿಗೆ ಡಿಗ್ರಿಯಲ್ಲಿ ಪುಸ್ತಕವೂ ಪಾಠವೂ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿಗೆ ತಿರುಗುತ್ತವೆ. ಅದೇ ಹುಡುಗಿ ಊರಿನ ಶಾಲೆಯಲ್ಲಿ ಮೊದಲ ಬೆಂಚಿನವಳು, ಇಲ್ಲಿ ಪ್ರಶ್ನೆ ಕೇಳಲು ಬಾಯಿ ತೆರೆಯಲಾರಳು. "ನಾ ಶಾಣ್ಯಾಕಿ ಇದ್ನೋ, ಸುಳ್ಳ ಹಂಗ ಅನ್ಕೊಂಡಿದ್ನೋ" ಎಂಬ ಅನುಮಾನ ಅಲ್ಲಿಂದ ಶುರು. ಹೊಸ ನೆಲಕ್ಕೆ ಒಗ್ಗಲು ಎರಡು ಮೂರು ಸೆಮಿಸ್ಟರು ಹಿಡಿಯುವುದು ಸಹಜ. ಕಮಲಾಪುರದ ಕೆಂಪು ಬಾಳೆ ಗೊನೆ ಕೊಡಲು ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು, ಬೇರೆ ಬಾಳೆಗಿಂತ ತಡ ಎಂದು ಯಾವ ರೈತನೂ ಅದರ ಮೇಲೆ ಸಿಟ್ಟಾಗಿದ್ದು ನಾನು ಕಂಡಿಲ್ಲ. ಆ ತಾಳ್ಮೆಯಲ್ಲಿ ಅರ್ಧದಷ್ಟನ್ನು ಮೊದಲ ವರ್ಷದ ಫಲಿತಾಂಶಕ್ಕೆ ಕೊಟ್ಟರೂ ಸಾಕು.

ಓದಿನಲ್ಲಿ ಸಹಾಯ ಮಾಡಲು ತಮಗೆ ಬರುವುದಿಲ್ಲ ಎಂದು ಪೋಷಕರು ಹಿಂಜರಿಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರದು ಮೇಲಾಯಿತು. ಇದರಿಂದ ಮನೆಯವರಿಗೆ ಒಂದು ದಾರಿ ಸಿಗುತ್ತದೆ. ವಾರಕ್ಕೊಮ್ಮೆ ಫೋನಿನಲ್ಲಿ "ಈ ವಾರ ಏನ್ ಹೇಳಿಕೊಟ್ಟಾರ, ನನಗ ತಿಳಿಯೋ ಹಂಗ ಹೇಳವ್ವ" ಎಂದು ಕೇಳಿ. ಇಂಗ್ಲಿಷಿನಲ್ಲಿ ಕೇಳಿದ ಪಾಠವನ್ನು ಅವಳು ಮನೆಯ ಕನ್ನಡದಲ್ಲಿ ನಿಮಗೆ ಬಿಡಿಸಿ ಹೇಳುವಾಗ ಅದು ಅವಳ ತಲೆಯಲ್ಲಿ ಗಟ್ಟಿಯಾಗುತ್ತದೆ. ನಿಮಗೆ ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು, ಮತ್ತೊಮ್ಮೆ ಹೇಳಬೇಕಾಗುತ್ತದೆ. ಹೀಗೆ ಮಾತು ಹತ್ತು ನಿಮಿಷ ಹರಿದರೆ ನಡುವೆ ಎಲ್ಲೋ "ಆದ್ರ ನನಗ ಈ ಸಬ್ಜೆಕ್ಟ್ ಭಾಳ ಕಷ್ಟ ಆಗ್ಲಕತ್ತದ" ಎಂಬುದೂ ಹೊರಗೆ ಬರುತ್ತದೆ. ನಮಗೆ ಬೇಕಾಗಿದ್ದು ಅದೇ.

ಆಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಮುಂದಿನ ಹತ್ತು ಸುದ್ದಿಗಳ ದಾರಿಯನ್ನು ತೀರ್ಮಾನಿಸುತ್ತದೆ. "ನಾವಿಷ್ಟು ಕಷ್ಟಪಟ್ಟು..." ಎಂದು ಶುರುವಾದರೆ ಅಲ್ಲಿಗೇ ಬಾಗಿಲು ಮುಚ್ಚಿತು. ನಿಮ್ಮ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ಅದು ಚೆನ್ನಾಗಿ ಗೊತ್ತಿದೆ, ಗೊತ್ತಿರುವುದಕ್ಕೇ ಬಚ್ಚಿಡುತ್ತಾರೆ. "ಹೇಳಿದ್ದು ಛಲೋ ಆಯ್ತು. ಮುಂದ ಏನ್ ಮಾಡಬೇಕಂತ ಅನ್ಕೊಂಡಿದ್ದಿ?" ಎಂದರೆ ಸಾಕು. ಸಿಟ್ಟು ಬಂದಿದ್ದರೆ ಫೋನಿಟ್ಟ ಮೇಲೆ ಮನೆಯಲ್ಲಿ ಹರಿಹಾಯಿರಿ.

ಕಮಲಾಪುರದಿಂದ ಕಲಬುರಗಿಗೆ 35–40 ಕಿಲೋಮೀಟರು. ಈ ದೂರ ಪೋಷಕರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ: ದಿನಾ ಓಡಾಡಬಹುದು ಎನ್ನುವಷ್ಟು ಹತ್ತಿರ, ಓಡಾಡಿದರೆ ದಣಿಯುವಷ್ಟು ದೂರ. ಹುಮನಾಬಾದ್ ರಸ್ತೆಯ ಬಸ್ಸಿದೆ, 2017ರಿಂದ ಬೀದರ್–ಕಲಬುರಗಿ ರೈಲೂ ಇದೆ. ಆದರೂ ಬಸ್ಸಿಗೆ ಕಾಯುವುದು, ನಿಂತುಕೊಂಡು ಬರುವುದು, ಕೇಂದ್ರ ಬಸ್ ನಿಲ್ದಾಣದಿಂದ ಕಾಲೇಜಿಗೆ ಮತ್ತೊಂದು ಬಸ್ಸು ಎಂದು ದಿನದ ಎರಡು ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತವೆ. ಓಡಾಡುವ ಮಕ್ಕಳು ಕ್ಲಾಸು ಮುಗಿದ ಕೂಡಲೇ ಬಸ್ಸಿಗೆ ಓಡುತ್ತಾರೆ, ಗ್ರಂಥಾಲಯ, ಆಟದ ಮೈದಾನ, ಗೆಳೆಯರ ಹರಟೆ ಎಲ್ಲಕ್ಕೂ ಹೊರಗಾಗುತ್ತಾರೆ. ಹರಟೆಯನ್ನು ಪೋಷಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಕಷ್ಟದ ಹೊತ್ತಿನಲ್ಲಿ "ಇಂವ ಯಾಕೋ ಸಪ್ಪಗಾಗ್ಯಾನ" ಎಂದು ಮೊದಲು ಗುರುತಿಸುವವರು ಜೊತೆಗಾರರೇ. ವಾರದಲ್ಲಿ ಎರಡು ದಿನ ತಡವಾಗಿ ಬರಲು ಬಿಡಿ. ರೂಮು ಅಥವಾ ಹಾಸ್ಟೆಲ್ ಹಿಡಿದವರಾದರೆ ಒಬ್ಬಿಬ್ಬರು ಗೆಳೆಯರ ಹೆಸರು, ಫೋನ್ ನಂಬರು ನಿಮ್ಮ ಬಳಿ ಇರಲಿ. ಪತ್ತೇದಾರಿಕೆಗೆ ಅದನ್ನು ಬಳಸಬೇಡಿ, ಒಮ್ಮೆ ಬಳಸಿದರೆ ಆ ನಂಬರು ಸತ್ತಂತೆ. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಳಿಸುವಾಗ ಅವರಿಗೂ ಸೇರಿಸಿ ಕಳಿಸಿ.

ತೊಗರಿ ರಾಶಿಯ ಬಗ್ಗೆ ಒಂದು ಮಾತು. ಡಿಸೆಂಬರ್–ಜನವರಿಯಲ್ಲಿ ಹೊಲದಲ್ಲಿ ಕೈ ಸಾಲದು, ಆಳು ಸಿಗುವುದಿಲ್ಲ, ಮಗನಿಗೆ ಕರೆ ಹೋಗುತ್ತದೆ. ಅದೇ ದಿನಗಳಲ್ಲಿ ಸೆಮಿಸ್ಟರ್ ಪರೀಕ್ಷೆಯೂ ಬೀಳಬಹುದು. ಕರೆಯಬೇಡಿ ಎನ್ನಲು ನನಗೆ ಅಧಿಕಾರವಿಲ್ಲ. ಕರೆಯುವ ಮುಂಚೆ ಪರೀಕ್ಷೆಯ ತಾರೀಕು ಕೇಳಿ, ಅಷ್ಟೆ. "ಬರಲಾ ಬ್ಯಾಡಾ" ಎಂದು ಅವನೇ ಒದ್ದಾಡುವಂತೆ ಬಿಡಬೇಡಿ.

ನಿದ್ರೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ದೇಹದ ಗಡಿಯಾರವೇ ತುಸು ಹಿಂದೆ ಓಡುತ್ತದೆ, ನಿದ್ದೆ ತಡವಾಗಿ ಬರುತ್ತದೆ, ಬೆಳಗ್ಗೆ ಎಚ್ಚರ ಕಷ್ಟ. ಮೊಬೈಲು ಅದನ್ನು ಇನ್ನಷ್ಟು ತಡ ಮಾಡುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಈ ಊರಲ್ಲಿ ತಗಡಿನ ಮೇಲ್ಛಾವಣಿಯ ರೂಮಿನಲ್ಲಿ ರಾತ್ರಿ ಒಂದರವರೆಗೂ ಕಣ್ಣು ಮುಚ್ಚಲಾಗದು. ಸಾಲು ರಾತ್ರಿ ನಿದ್ದೆಗೆಟ್ಟವರಿಗೆ ಸಣ್ಣ ಸೋಲೂ ಬೆಟ್ಟದಷ್ಟು ಕಾಣುತ್ತದೆ. ರೂಮ್ ನೋಡಲು ಹೋದಾಗ ಬಾಡಿಗೆಯ ಜೊತೆ ಮೇಲ್ಛಾವಣಿಯನ್ನೂ ನೋಡಿ, ಮಧ್ಯಾಹ್ನದ ಹೊತ್ತೇ ಹೋಗಿ ನೋಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಕೆಟ್ಟ ಸುದ್ದಿಗೆ ಬೇರೆಯೇ ಬೆಲೆ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಬಸ್ ಖರ್ಚಿನ ನೆಪ ಹೋಯಿತು. ಆದರೆ ಬಸ್ಸಿನಲ್ಲಿ ಯಾರೋ ಕೈ ತಾಗಿಸಿದ್ದು, ಕಾಲೇಜಿನವರೆಗೆ ಬೈಕಿನಲ್ಲಿ ಹಿಂಬಾಲಿಸಿದ್ದು, ಮೊಬೈಲಿಗೆ ಬಂದ ಕೆಟ್ಟ ಮೆಸೇಜು ಮನೆಗೆ ತಲುಪುವುದಿಲ್ಲ. ಯಾಕೆಂದು ಕೇಳಿದರೆ ಹುಡುಗಿಯರ ಉತ್ತರ ಒಂದೇ: "ಹೇಳಿದ್ರ ಕಾಲೇಜ್ ಬಿಡಸ್ತಾರ." ತಪ್ಪು ಮಾಡಿದವನು ಬೈಕಿನಲ್ಲಿ ತಿರುಗುತ್ತಲೇ ಇರುತ್ತಾನೆ, ಓದು ನಿಲ್ಲುವುದು ಇವಳದು. ಈ ಲೆಕ್ಕ ಅವಳಿಗೆ ಮನೆಯವರಿಗಿಂತ ಚೆನ್ನಾಗಿ ಗೊತ್ತು, ಹಾಗಾಗಿ ನುಂಗಿಕೊಳ್ಳುತ್ತಾಳೆ. ನುಂಗಿದ್ದು ತಲೆನೋವಾಗಿ, ಹೊಟ್ಟೆನೋವಾಗಿ, ಬೆಳಗ್ಗೆ ಬಸ್ ಹತ್ತುವ ಹೊತ್ತಿಗೆ ಬರುವ ಎದೆಬಡಿತವಾಗಿ ಕಾಣಿಸಿಕೊಳ್ಳುತ್ತದೆ. ಕಾಲೇಜಿಗೆ ಸೇರಿಸುವ ದಿನವೇ ತಂದೆಯಾದವರು ಬಾಯಿಬಿಟ್ಟು ಹೇಳಬೇಕಾದ ಮಾತಿದು: "ಏನೇ ಆದ್ರೂ ನಿನ್ನ ಕಾಲೇಜ್ ಬಿಡಸೂದಿಲ್ಲ, ಆದದ್ದು ಮೊದಲು ನನಗ ಹೇಳು." ಎರಡನೇ ವರ್ಷದಲ್ಲಿ ವರ ನೋಡುವ ಮಾತು ತೆಗೆಯುವ ಮನೆಗಳಲ್ಲಿ ಈ ಭರವಸೆಗೆ ಕಿಮ್ಮತ್ತು ಉಳಿಯುವುದಿಲ್ಲ ಎಂಬುದನ್ನೂ ನೇರವಾಗಿಯೇ ಹೇಳಬೇಕು. ಪ್ರೀತಿಯ ವಿಷಯ ಮನೆಗೆ ಬಂದಾಗಲೂ ಅಷ್ಟೇ. ಒಪ್ಪುವುದು ಬಿಡುವುದು ಆಮೇಲಿನ ಮಾತು, ಅವಳ ಫೋನು ಕಿತ್ತುಕೊಂಡ ದಿನ ಅವಳಿಗಿದ್ದ ಸಹಾಯದ ದಾರಿಗಳೆಲ್ಲ ಒಟ್ಟಿಗೇ ಮುಚ್ಚುತ್ತವೆ.

ಗಂಡುಮಕ್ಕಳು ಬಚ್ಚಿಡುವುದು ಹೆಚ್ಚಾಗಿ ಹಣ. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಹಣ ಬರುತ್ತದೆ. ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಇವು ಬಾಡಿಗೆಯ ತಾರೀಕು ನೋಡಿ ಬರುವ ಹಣವಲ್ಲ. ನಡುವಿನ ತಿಂಗಳುಗಳಲ್ಲಿ ಗೆಳೆಯರ ಕೈಗಡ, ಮೊಬೈಲ್ ಆ್ಯಪಿನ ಸಾಲ, ಐಪಿಎಲ್ ಬಂತೆಂದರೆ ಬೆಟ್ಟಿಂಗು. ಆ್ಯಪಿನ ಸಾಲದವರು ಫೋನಿನಲ್ಲಿರುವ ಎಲ್ಲ ನಂಬರುಗಳಿಗೂ ಅವಮಾನದ ಮೆಸೇಜು ಕಳಿಸುತ್ತೇವೆಂದು ಹೆದರಿಸುತ್ತಾರೆ. ಸಾಲದ ಮೊತ್ತಕ್ಕಿಂತ ಈ ಬೆದರಿಕೆ ಹುಡುಗರನ್ನು ಕುಗ್ಗಿಸುತ್ತದೆ. ತಿಂಗಳ ಖರ್ಚನ್ನು ಅವನ ಜೊತೆ ಕೂತು ಬರೆಯಿರಿ, "ಎಷ್ಟು ಕಡಿಮಿ ಬೀಳ್ತದ?" ಎಂದು ನೀವಾಗಿಯೇ ಕೇಳಿ. ಸಾಲ ಆಗಿದೆ ಎಂದು ಗೊತ್ತಾದರೆ ಮೊದಲು ತೀರಿಸುವ ದಾರಿ ನೋಡಿ, ಬುದ್ಧಿಮಾತು ಮುಂದಿನ ವಾರಕ್ಕಿರಲಿ. ಸೈಬರ್ ವಂಚನೆಗೆ 1930 ಸಂಖ್ಯೆ ಇದೆ.

ಡಿಗ್ರಿ ಮುಗಿದ ಮೇಲಿನ ಕಾಯುವಿಕೆಯೂ ಈ ಊರಿನ ದೊಡ್ಡ ಸಂಕಟ. ನೌಕರಿ ಎಂದರೆ ಸರ್ಕಾರಿ ನೌಕರಿ ಎಂಬ ನಂಬಿಕೆಯಲ್ಲಿ ಪಿಎಸ್ಐ, ಪಿಡಿಒ, ಎಫ್‌ಡಿಎ ಎಂದು ವರ್ಷಗಟ್ಟಲೆ ಓದುವವರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷ ಯಾರದೋ ತಪ್ಪಿಗೆ ಹೋಯಿತು. ಅಂಥವರಿಗೆ ಮದುವೆ ಮನೆಯಲ್ಲಿ ಕಾಕಾ, ಮಾಮಾ ಸೇರಿ "ಇನ್ನೂ ಏನೂ ಆಗಿಲ್ಲೇನಪ್ಪಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮಗ ಉತ್ತರಿಸುವ ಮುಂಚೆ ನೀವು ಅಡ್ಡ ನಿಲ್ಲಿ. ಎಷ್ಟು ಸಲ ಪ್ರಯತ್ನಿಸುವುದು, ಆಮೇಲೆ ಏನು ಎಂಬುದನ್ನು ಶುರುವಿನಲ್ಲೇ ಅವನೊಂದಿಗೆ ಮಾತಾಡಿ ಗೊತ್ತು ಮಾಡಿಕೊಂಡರೆ, ನಿಲ್ಲಿಸುವ ದಿನ ಸೋತಂತೆ ಅನಿಸುವುದು ಕಡಿಮೆ.

ಇನ್ನು ಗಂಭೀರವಾದ ವಿಷಯ. ಮನಸ್ಸಿನ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24ರ ವಯಸ್ಸಿನೊಳಗೇ ಮೊದಲ ಸಲ ಕಾಣಿಸಿಕೊಳ್ಳುತ್ತವೆ ಎಂದು 2005ರ ಅಮೆರಿಕದ ದೊಡ್ಡ ಸಮೀಕ್ಷೆಯೊಂದು ತೋರಿಸಿತು. ಅಂದರೆ ಕಾಲೇಜಿನ ವರ್ಷಗಳೂ ಆ ಕಾಲದೊಳಗೇ ಬರುತ್ತವೆ. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರ ಮೀರಿ ಊಟ ನಿದ್ದೆ ಕೆಟ್ಟರೆ, ಇಷ್ಟದ ಕ್ರಿಕೆಟ್ಟೂ ಬೇಡವಾದರೆ, ಫೋನ್ ಎತ್ತದಿದ್ದರೆ, ಇಲ್ಲದ ದನಿಗಳು ಕೇಳಿಸುತ್ತವೆ ಎಂದರೆ ವೈದ್ಯರ ಬಳಿ ಹೋಗಬೇಕು. ಪ್ರೀತಿಯ ವಸ್ತುಗಳನ್ನು ಹಂಚಿಬಿಟ್ಟರೆ, "ನಾ ಇಲ್ದಿದ್ರ ನಿಮಗ ಆರಾಮ" ಎಂಬ ಮಾತು ತಮಾಷೆಗೆ ಬಂದರೂ ಕೂತು ನೇರವಾಗಿ ಕೇಳಿ: "ಸಾಯಬೇಕಂತ ಅನಸ್ತದೇನು?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಬಹಳ ಸಲ ಮನಸ್ಸು ಹಗುರಾಗುತ್ತದೆ ಎಂದೇ ಅಧ್ಯಯನಗಳು ಹೇಳುತ್ತವೆ. "ಹೌದು" ಎಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ರೈತರ ಮನೆಗಳಿಗೆ ಇನ್ನೊಂದು ಮಾತು. ಬೆಳೆಗೆ ಹೊಡೆಯುವ ಎಣ್ಣಿ ಮನೆಯ ಮೂಲೆಯಲ್ಲಿ, ಮಾಡದಲ್ಲಿ ಇರುತ್ತದೆ. ಅದನ್ನು ಬೀಗದೊಳಗಿಡಿ, ಕೀಲಿ ಹಿರಿಯರ ಬಳಿ ಇರಲಿ, ಮಿಕ್ಕದ್ದನ್ನು ಮನೆಯಲ್ಲಿ ಉಳಿಸಬೇಡಿ. ಸಾಯುವ ಯೋಚನೆ ತೀವ್ರವಾಗಿರುವ ಹೊತ್ತು ಬಹಳ ಸಲ ಕೆಲವೇ ಗಂಟೆಗಳದು, ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಒಯ್ಯಲು ತಡ ಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ.

ಸಹಾಯಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಭಾಗದ ಬಳ್ಳಾರಿಯಲ್ಲಿ ನಡೆಸಿದ ಪ್ರಯತ್ನ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಪದ್ಧತಿ ಇದೆ, ನಿಮ್ಮ ಕಡೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ ಇದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರು ಇರಲೇಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಡ್ಮಿಷನ್ ದಿನ ಫೀಸು ವಿಚಾರಿಸುವಾಗ "ಸಮಾಲೋಚಕರು ಯಾರ್ರೀ, ಎಲ್ಲಿ ಕೂಡ್ತಾರ?" ಎಂದೂ ವಿಚಾರಿಸಿ. ನಾಲ್ಕು ಮಂದಿ ಕೇಳಿದರೆ ಐದನೆಯವರ ಹೊತ್ತಿಗೆ ಕುರ್ಚಿ ಹಾಕಿರುತ್ತಾರೆ.

ಗಾಣಗಾಪುರಕ್ಕೋ ಬಂದೇನವಾಜರ ದರ್ಗಾಕ್ಕೋ ಶರಣಬಸವೇಶ್ವರರ ಗುಡಿಗೋ ಹೋಗಿ ಬರಲು ನನ್ನ ಅಡ್ಡಿಯಿಲ್ಲ. ಅಲ್ಲಿ ಮನೆಯವರಿಗೂ ಸಮಾಧಾನ ಸಿಗುತ್ತದೆ. ಡಾಕ್ಟರನ್ನು ಅದರ ನಂತರಕ್ಕೆ ತಳ್ಳಬೇಡಿ, ಒಂದೇ ವಾರದಲ್ಲಿ ಎರಡೂ ಆಗಲಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಶುರುವಿನ ದಿನಗಳಲ್ಲಿ ಹತ್ತಿರ ಇದ್ದು ನೋಡಿಕೊಳ್ಳಿ. ಸ್ವಲ್ಪ ಗುಣ ಕಂಡ ಕೂಡಲೇ ನಿಲ್ಲಿಸುವ ಪೋಷಕರೇ ಹೆಚ್ಚು. ನಿಲ್ಲಿಸುವುದನ್ನು ವೈದ್ಯರಿಗೆ ಬಿಡಿ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಫೋನಿನಲ್ಲಿ ಅದನ್ನು ಉಳಿಸಿಕೊಡಿ, ನಿಮ್ಮ ಫೋನಿನಲ್ಲೂ ಇರಲಿ. ಮಳೆ ಕೈಕೊಟ್ಟ ವರ್ಷ, ತೊಗರಿಗೆ ದರ ಬೀಳುವ ವರ್ಷ ನಿಮಗೂ ನಿದ್ದೆ ಇರುವುದಿಲ್ಲ, ಆ ದಿನಗಳಲ್ಲಿ ಮಗನ ಸಣ್ಣ ತಪ್ಪಿಗೂ ನಾಲಿಗೆ ಹರಿತವಾಗುತ್ತದೆ. ಆಗ ನಿಮಗಾಗಿಯೇ ಆ ನಂಬರಿಗೆ ಫೋನ್ ಮಾಡಬಹುದು. ಮಗಳು ಮಾತು ಬಿಟ್ಟಿದ್ದಾಳೆ, ಹೇಗೆ ಶುರು ಮಾಡಲಿ ಎಂದು ಕೇಳುವುದಕ್ಕೂ ಮಾಡಬಹುದು.